ಶುಗರ್ ಜೊತೆ ಬಿಪಿಯೂ ಇದ್ದರೆ: ನಿಮ್ಮ ಮಾತ್ರೆ ರಕ್ತನಾಳದಲ್ಲಿ ಏನು ಮಾಡುತ್ತಿದೆ ಅಂತ ತಿಳಿದುಕೊಳ್ಳುವುದು ಹೇಗೆ

"ಬಿಪಿ ನಾರ್ಮಲ್ ಬಂತಲ್ಲ, ಇನ್ನು ಮಾತ್ರೆ ಯಾಕೆ?" ಶುಗರ್, ಬಿಪಿ ಎರಡೂ ಇರುವವರ ಮನೆಯಲ್ಲಿ ಈ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಉತ್ತರ ಬಿಪಿ ಮೆಷಿನ್ನಿನಲ್ಲಿ ಸಿಗುವುದಿಲ್ಲ. ಅದು ರಕ್ತನಾಳದ ಗೋಡೆಯ ಮೇಲಿರುವ ರಿಸೆಪ್ಟರ್‌ಗಳಲ್ಲಿದೆ. ಅಲ್ಲಿ ನಡೆಯುವುದನ್ನು ಸ್ವಲ್ಪ ತಿಳಿದುಕೊಂಡರೆ ಯಾವ ಮಾತ್ರೆ ಯಾಕೆ, ಯಾವ ಟೆಸ್ಟ್ ಯಾಕೆ, ಡಾಕ್ಟರ್ ಹತ್ತಿರ ಏನು ಕೇಳಬೇಕು ಅನ್ನುವುದೆಲ್ಲ ತಾನಾಗಿ ಗೊತ್ತಾಗುತ್ತದೆ.

ಇದು ಕೆಲವೇ ಜನರ ತೊಂದರೆಯಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು 35 ಜನರಿಗೆ ಬಿಪಿ ಜಾಸ್ತಿ. ಎರಡೂ ಒಬ್ಬರಲ್ಲೇ ಇರುವುದು ತೀರಾ ಸಾಮಾನ್ಯ.

ಮೊದಲು ರಿಸೆಪ್ಟರ್ ಅಂದರೇನು ನೋಡೋಣ

ಜೀವಕೋಶದ ಹೊರಮೈಯಲ್ಲಿ ಕೂತಿರುವ ಪ್ರೋಟೀನ್ ಅದು. ಮನೆಯ ಕಾಲಿಂಗ್ ಬೆಲ್ ಇದ್ದ ಹಾಗೆ ಅಂದುಕೊಳ್ಳಿ. ಬಂದವರು ಹೊರಗೆ ನಿಂತು ಒತ್ತುತ್ತಾರೆ, ಸದ್ದು ಒಳಗೆ ಆಗುತ್ತದೆ. ರಕ್ತದಲ್ಲಿ ಹರಿದು ಬರುವ ಹಾರ್ಮೋನ್ ಬೆಲ್ ಒತ್ತುತ್ತದೆ, ಜೀವಕೋಶ ಒಳಗಿನಿಂದ ಕೆಲಸ ಶುರು ಮಾಡುತ್ತದೆ. ನಾಳ ಬಿಗಿಯುವುದು, ಸಡಿಲವಾಗುವುದು, ಊದಿಕೊಳ್ಳುವುದು ಎಲ್ಲಾ ಹೀಗೇ. ಒಳಗೆ ಇಂಥದ್ದೊಂದು ಇರಲೇಬೇಕು ಅಂತ 1905ರಲ್ಲೇ ಬ್ರಿಟನ್ನಿನ ವಿಜ್ಞಾನಿ ಜಾನ್ ಲ್ಯಾಂಗ್ಲಿ ಹೇಳಿದ್ದರು.

ಶುಗರ್ ಮತ್ತು ಬಿಪಿ ಸೇರಿದಾಗ ಮುಖ್ಯವಾಗಿ ನಾಲ್ಕು ಕಡೆ ಎಡವಟ್ಟಾಗುತ್ತದೆ.

ಮೊದಲನೆಯದು ಇನ್ಸುಲಿನ್ ರಿಸೆಪ್ಟರ್. ಇನ್ಸುಲಿನ್ ಅಂದರೆ ಸಕ್ಕರೆ ಇಳಿಸುವುದು ಅಂತ ಮಾತ್ರ ನಮಗೆ ಗೊತ್ತು. ರಕ್ತನಾಳದ ಒಳಪದರದ ಮೇಲೂ ಅದಕ್ಕೆ ರಿಸೆಪ್ಟರ್ ಇದೆ. ಈ ಬೆಲ್ಲಿಗೆ ಎರಡು ತಂತಿ. ಒಂದು ತಂತಿ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ, ಅದರಿಂದ ನಾಳ ಸಡಿಲವಾಗುತ್ತದೆ. ಇನ್ನೊಂದು ತಂತಿ ಎಂಡೋಥೆಲಿನ್ ತಯಾರಿಸುತ್ತದೆ, ಅದರಿಂದ ನಾಳ ಬಿಗಿಯುತ್ತದೆ. ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ಮೊದಲ ತಂತಿ ಮಾತ್ರ ಕೆಡುತ್ತದೆ, ಎರಡನೆಯದು ಚೆನ್ನಾಗೇ ಇರುತ್ತದೆ. ಅಷ್ಟರಲ್ಲಿ ದೇಹ ಸಾಲದು ಅಂತ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಆಗ ಏನಾಗುತ್ತದೆ ಹೇಳಿ? ಸಡಿಲಿಸುವ ಕೆಲಸ ನಿಲ್ಲುತ್ತದೆ, ಬಿಗಿಯುವ ಕೆಲಸ ಜೋರಾಗುತ್ತದೆ.

ಈ ಒಳಪದರದ ಮಹತ್ವ ತಿಳಿದದ್ದೇ ಒಂದು ಸ್ವಾರಸ್ಯದ ಕಥೆ. 1980ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಂಡುಗಳ ಮೇಲೆ ಪ್ರಯೋಗದ ಫಲ ಪ್ರಕಟಿಸಿದರು. ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಹಾಕಿದಾಗ ಕೆಲವು ತುಂಡು ಸಡಿಲವಾಗುತ್ತಿತ್ತು, ಕೆಲವು ಬಿಗಿಯುತ್ತಿತ್ತು. ಬಿಗಿದ ತುಂಡುಗಳಲ್ಲಿ ಒಳಪದರ ಉಜ್ಜಿ ಕಿತ್ತುಹೋಗಿತ್ತು, ಅಷ್ಟೇ ವ್ಯತ್ಯಾಸ. ಆ ಪದರದಿಂದ ಬರುವ ವಸ್ತು ನೈಟ್ರಿಕ್ ಆಕ್ಸೈಡ್ ಅಂತ ಆಮೇಲೆ ತಿಳಿಯಿತು. 1998ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಸಕ್ಕರೆ ಮತ್ತು ಒತ್ತಡ ಎರಡೂ ಸೇರಿ ಹಾಳು ಮಾಡುವುದು ಇದೇ ಪದರವನ್ನು.

ಎರಡನೆಯದು ಎಟಿ1 ರಿಸೆಪ್ಟರ್. ನಮ್ಮ ಕಥೆಯ ಮುಖ್ಯ ಪಾತ್ರಧಾರಿ ಇದೇ. ಆಂಜಿಯೋಟೆನ್ಸಿನ್ 2 ಅನ್ನುವ ಹಾರ್ಮೋನ್ ಇದನ್ನು ಒತ್ತುತ್ತದೆ. ಒತ್ತಿದ ತಕ್ಷಣ ನಾಳ ಬಿಗಿಯುತ್ತದೆ, ಕಿಡ್ನಿ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಪಿ ಏರುತ್ತದೆ. ಸಕ್ಕರೆ ಮತ್ತು ಇನ್ಸುಲಿನ್ ಎರಡೂ ಜಾಸ್ತಿ ಇದ್ದ ಕಡೆ ಈ ರಿಸೆಪ್ಟರ್‌ಗಳ ಸಂಖ್ಯೆಯೇ ಏರುವುದು ಪ್ರಯೋಗಗಳಲ್ಲಿ ಕಂಡಿದೆ. ಅಷ್ಟೇ ಅಲ್ಲ, ಎಟಿ1 ಒತ್ತಿದಾಗಲೆಲ್ಲ ಇನ್ಸುಲಿನ್ನಿನ ಆ ಒಳ್ಳೆಯ ತಂತಿಗೆ ಮತ್ತಷ್ಟು ಪೆಟ್ಟು. ಶುಗರ್ ಬಿಪಿಯನ್ನು ಎಳೆಯುತ್ತದೆ, ಬಿಪಿ ಶುಗರನ್ನು ಎಳೆಯುತ್ತದೆ ಅನ್ನುವುದು ಇದಕ್ಕೇ.

ಮೂರನೆಯದು ರೇಜ್ ಅನ್ನುವ ರಿಸೆಪ್ಟರ್. ರಕ್ತದಲ್ಲಿ ಸಕ್ಕರೆ ಜಾಸ್ತಿಯಾದರೆ ಅದು ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ನೀವು ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಅಳೆಯುವುದೂ ಹಿಮೋಗ್ಲೋಬಿನ್ನಿಗೆ ಅಂಟಿದ ಸಕ್ಕರೆಯನ್ನೇ. ಹೀಗೆ ಅಂಟಿ ಹಳತಾದ ಪ್ರೋಟೀನುಗಳು ರೇಜ್ ರಿಸೆಪ್ಟರನ್ನು ಒತ್ತಿದರೆ ನಾಳದ ಗೋಡೆ ಒಳಗೊಳಗೇ ಉರಿಯೂತಕ್ಕೆ ಬೀಳುತ್ತದೆ. ಇದನ್ನು ತಡೆಯಲು ಸದ್ಯ ಮೆಡಿಕಲ್ ಶಾಪಿನಲ್ಲಿ ಯಾವ ಮಾತ್ರೆಯೂ ಇಲ್ಲ. ಸಕ್ಕರೆ ಇಳಿಸುವುದೊಂದೇ ದಾರಿ.

ನಾಲ್ಕನೆಯದು ಬ್ಯಾರೋರಿಸೆಪ್ಟರ್. ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ ಮತ್ತು ಹೃದಯದಿಂದ ಹೊರಡುವ ಮಹಾಪಧಮನಿಯ ಬಾಗಿನಲ್ಲಿ ಇವು ಇವೆ. ನಾಳ ಎಷ್ಟು ಹಿಗ್ಗಿದೆ ಅಂತ ನೋಡಿ ಮಿದುಳಿಗೆ ಸುದ್ದಿ ಕಳಿಸುವುದು ಇವುಗಳ ಕೆಲಸ. ಬಹಳ ಕಾಲ ಬಿಪಿ ಇದ್ದರೆ ನಾಳ ಗಟ್ಟಿಯಾಗಿ ಹಿಗ್ಗುವುದೇ ಕಡಿಮೆಯಾಗುತ್ತದೆ. ಬಹಳ ಕಾಲ ಶುಗರ್ ಇದ್ದರೆ ಸುದ್ದಿ ಒಯ್ಯುವ ನರಗಳೇ ಸವೆಯುತ್ತವೆ. ಇದನ್ನು ಮನೆಯಲ್ಲೇ ಪತ್ತೆ ಮಾಡಬಹುದು, ಮುಂದೆ ಹೇಳುತ್ತೇನೆ.

ಹೆಜ್ಜೆ 1: ಮಾತ್ರೆಯ ಸ್ಟ್ರಿಪ್ ತಿರುಗಿಸಿ ಓದಿ

ದೊಡ್ಡಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದು ಬೇಡ. ಅದರ ಹತ್ತಿರ ಸಣ್ಣಕ್ಷರದಲ್ಲಿ ಔಷಧಿಯ ನಿಜವಾದ ಹೆಸರು ಇರುತ್ತದೆ. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಹೆಸರಿನ ಕೊನೆ ಗಮನಿಸಿದರೆ ಸಾಕು.

ಕೊನೆಯಲ್ಲಿ "ಸಾರ್ಟಾನ್" ಇದ್ದರೆ, ಅಂದರೆ ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಓಲ್ಮೆಸಾರ್ಟಾನ್, ಅದು ಎಟಿ1 ರಿಸೆಪ್ಟರನ್ನು ಮುಚ್ಚುವ ಮಾತ್ರೆ. ಹಾರ್ಮೋನ್ ಬಂದರೂ ಬೆಲ್ ಒತ್ತಲು ಆಗುವುದಿಲ್ಲ. "ಪ್ರಿಲ್" ಇದ್ದರೆ, ಅಂದರೆ ರಾಮಿಪ್ರಿಲ್, ಎನಲಾಪ್ರಿಲ್, ಅದು ರಿಸೆಪ್ಟರ್ ಮುಟ್ಟುವುದಿಲ್ಲ, ಆಂಜಿಯೋಟೆನ್ಸಿನ್ 2 ತಯಾರಾಗುವುದನ್ನೇ ಕಡಿಮೆ ಮಾಡುತ್ತದೆ. ಈ ಪ್ರಿಲ್ ಗುಂಪು ಹುಟ್ಟಿದ್ದು ಬ್ರೆಜಿಲ್‌ನ ಒಂದು ಮಂಡಲದ ಹಾವಿನ ವಿಷದ ಅಧ್ಯಯನದಿಂದ. ಗುಂಪಿನ ಮೊದಲ ಮಾತ್ರೆ ಕ್ಯಾಪ್ಟೋಪ್ರಿಲ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1981ರಲ್ಲಿ. ಪ್ರಿಲ್ ತಗೊಂಡವರಲ್ಲಿ ಕೆಲವರಿಗೆ ಬಿಡದೆ ಒಣಕೆಮ್ಮು ಬರುತ್ತದೆ. ಕೆಮ್ಮಿಗೆ ಸಿರಪ್ ಕುಡಿಯುತ್ತಾ ಕೂರಬೇಡಿ, ಡಾಕ್ಟರಿಗೆ ಹೇಳಿದರೆ ಸಾರ್ಟಾನ್‌ಗೆ ಬದಲಿಸುತ್ತಾರೆ.

ಒಂದು ಮುಖ್ಯ ವಿಷಯ. ಸಾರ್ಟಾನ್, ಪ್ರಿಲ್ ಎರಡನ್ನೂ ಒಟ್ಟಿಗೆ ತಗೊಂಡರೆ ಡಬಲ್ ಲಾಭ ಇಲ್ಲ. ಟೆಲ್ಮಿಸಾರ್ಟಾನ್ ಮತ್ತು ರಾಮಿಪ್ರಿಲ್ ಎರಡನ್ನೂ ಜೊತೆಗೆ ಕೊಟ್ಟು ನೋಡಿದ ದೊಡ್ಡ ಅಧ್ಯಯನದ ಫಲ 2008ರಲ್ಲಿ ಬಂತು. ಲಾಭ ಹೆಚ್ಚಲಿಲ್ಲ, ಕಿಡ್ನಿ ತೊಂದರೆ ಮತ್ತು ತಲೆಸುತ್ತು ಹೆಚ್ಚಿತು. ಇಬ್ಬರು ಡಾಕ್ಟರ ಚೀಟಿ ಇರುವವರು ಎರಡನ್ನೂ ಪಕ್ಕಪಕ್ಕ ಇಟ್ಟು ಇದನ್ನೊಮ್ಮೆ ನೋಡಿಕೊಳ್ಳಿ.

ಕೊನೆಯಲ್ಲಿ "ಲಾಲ್" ಇದ್ದರೆ, ಅಂದರೆ ಮೆಟೊಪ್ರೊಲಾಲ್, ಅಟೆನೊಲಾಲ್, ಪ್ರೊಪ್ರನೊಲಾಲ್, ಅದು ಹೃದಯದ ಬೀಟಾ ರಿಸೆಪ್ಟರ್ ತಡೆಯುವುದು. "ಜೋಸಿನ್" ಇದ್ದರೆ, ಅಂದರೆ ಪ್ರಾಜೋಸಿನ್, ಅದು ನಾಳದ ಆಲ್ಫಾ ರಿಸೆಪ್ಟರ್ ತಡೆಯುವುದು. "ಡಿಪಿನ್" ಇದ್ದರೆ, ಅಂದರೆ ಆಮ್ಲೋಡಿಪಿನ್, ಅದು ರಿಸೆಪ್ಟರಿನದ್ದಲ್ಲ, ಕ್ಯಾಲ್ಸಿಯಂ ಒಳಗೆ ಹೋಗುವ ದಾರಿಯನ್ನು ಮುಚ್ಚುತ್ತದೆ. ಇದರಿಂದ ಕೆಲವರಿಗೆ ಕಾಲಿನ ಗೆಣ್ಣು ಊದಿಕೊಳ್ಳುತ್ತದೆ. ಕಂಪನಿಯ ಹೆಸರಿನ ಬಾಲದಲ್ಲಿ "ಎಎಂ" ಅಂತ ಇದ್ದರೆ ಸಾಮಾನ್ಯವಾಗಿ ಆಮ್ಲೋಡಿಪಿನ್ ಸೇರಿದೆ, "ಎಚ್" ಇದ್ದರೆ ಮೂತ್ರ ಹೆಚ್ಚಿಸುವ ಮಾತ್ರೆ ಸೇರಿದೆ ಅಂತ ಅರ್ಥ. ಒಂದೇ ಮಾತ್ರೆ ಅಂದುಕೊಂಡಿದ್ದು ಎರಡು ಔಷಧಿ ಆಗಿರುತ್ತದೆ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮಾತ್ರೆ ಡಬ್ಬಿಯಲ್ಲೇ ಇಟ್ಟುಬಿಡಿ. ಎಮರ್ಜೆನ್ಸಿಯಲ್ಲಿ "ಒಂದು ಬಿಳಿ ಮಾತ್ರೆ, ಒಂದು ಗುಲಾಬಿ ಮಾತ್ರೆ" ಅಂತ ಹೇಳಿದರೆ ಯಾರಿಗೂ ಪ್ರಯೋಜನ ಇಲ್ಲ.

ಹೆಜ್ಜೆ 2: ಬಿಪಿ ಕೂತು ನೋಡಿ, ನಿಂತೂ ನೋಡಿ

ಮಣಿಕಟ್ಟಿಗೆ ಕಟ್ಟುವ ಮೆಷಿನ್ನಿಗಿಂತ ತೋಳಿಗೆ ಕಟ್ಟುವುದು ಒಳ್ಳೆಯದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಸುಮ್ನೆ ಜಾಸ್ತಿ ತೋರಿಸುತ್ತದೆ. ನೋಡುವ ಅರ್ಧ ಗಂಟೆ ಮೊದಲು ಕಾಫಿ, ಟೀ, ಬೀಡಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಕುರ್ಚಿಗೆ ಬೆನ್ನು ಕೊಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ತೆಪ್ಪಗೆ ಕೂರಿ. ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಮಾತು ಬೇಡ, ಸೀರಿಯಲ್ಲೂ ಬೇಡ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ. ಬೆಳಿಗ್ಗೆ ಮಾತ್ರೆಗೆ ಮೊದಲು ಒಮ್ಮೆ, ರಾತ್ರಿ ಒಮ್ಮೆ, ಹೀಗೆ ಒಂದು ವಾರ ಬರೆದಿಡಿ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯಲ್ಲಿ ನೋಡಿದಾಗ ಸರಾಸರಿ 135/85 ಅಥವಾ ಹೆಚ್ಚಿದ್ದರೆ ಅದು ಜಾಸ್ತಿಯೇ. ಶುಗರ್ ಇರುವವರಲ್ಲಿ ಸಾಮಾನ್ಯವಾಗಿ 130/80ಕ್ಕಿಂತ ಕೆಳಗೆ ತರಲು ನೋಡುತ್ತಾರೆ. ವಯಸ್ಸಾದವರಿಗೆ, ಬಿದ್ದುಬಿಡುವ ಭಯ ಇರುವವರಿಗೆ ಗುರಿ ಬೇರೆ ಇರಬಹುದು.

ಈಗ ನಿಂತು ನೋಡುವ ವಿಷಯ. ಇದನ್ನು ಯಾರೂ ಮಾಡುವುದಿಲ್ಲ. ನನ್ನ ಪ್ರಕಾರ ಶುಗರ್ ಹಳತಾದವರಿಗೆ ಕೂತು ನೋಡುವಷ್ಟೇ ಮುಖ್ಯ ಇದು. ಕೂತು ನೋಡಿದ ಮೇಲೆ ಎದ್ದು ನಿಲ್ಲಿ, ಪಕ್ಕದಲ್ಲಿ ಯಾರಾದರೂ ಇರಲಿ. ನಿಂತು ಒಂದು ನಿಮಿಷವಾದಾಗ ಒಮ್ಮೆ, ಮೂರು ನಿಮಿಷವಾದಾಗ ಇನ್ನೊಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬ್ಯಾರೋರಿಸೆಪ್ಟರ್ ಸುದ್ದಿ ಸರಿಯಾಗಿ ಮುಟ್ಟುತ್ತಿಲ್ಲ ಅನ್ನುವ ಅನುಮಾನ ಬರುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೂ, ಮಾತ್ರೆ ಜಾಸ್ತಿಯಾದರೂ ಹೀಗಾಗಬಹುದು. ಕಾರಣ ಯಾವುದೇ ಇರಲಿ, ಡಾಕ್ಟರಿಗೆ ಅಂಕಿ ತೋರಿಸಿ. ರಾತ್ರಿ ಬಾತ್‌ರೂಮಿಗೆ ಎದ್ದವರು ಬಿದ್ದು ಸೊಂಟ ಮುರಿದುಕೊಳ್ಳುವುದರ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಗಂಡಸರಿಗೆ ಇನ್ನೊಂದು ಮಾತು. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ಕೂಡ ಆಲ್ಫಾ ರಿಸೆಪ್ಟರ್ ತಡೆಯುವ ಮಾತ್ರೆಯೇ. ಮೂತ್ರದ ಡಾಕ್ಟರ್ ಅದನ್ನು ಬರೆದಾಗ ನಿಮ್ಮ ಬಿಪಿ ಮಾತ್ರೆಯ ಚೀಟಿ ಅವರ ಕಣ್ಣಿಗೆ ಬಿದ್ದಿತ್ತಾ? ಹೊಸದಾಗಿ ಶುರು ಮಾಡಿದ ದಿನಗಳಲ್ಲಿ ಹಾಸಿಗೆಯಿಂದ ಏಳುವಾಗ ಮೊದಲು ಅಂಚಿನಲ್ಲಿ ಕೂತು, ಆಮೇಲೆ ನಿಲ್ಲಿ.

ಹೆಜ್ಜೆ 3: ಕಿಡ್ನಿಯ ಎರಡು ಟೆಸ್ಟ್ ವರ್ಷಕ್ಕೊಮ್ಮೆ

ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸಣ್ಣ ಜಾಲರಿಗಳಿವೆ. ಪ್ರತಿ ಜಾಲರಿಗೂ ಒಳಗೆ ಬರುವ ನಾಳ ಒಂದು, ಹೊರಗೆ ಹೋಗುವ ನಾಳ ಒಂದು. ಸಕ್ಕರೆ ಜಾಸ್ತಿಯಿದ್ದರೆ ಒಳಬರುವ ನಾಳ ಅಗಲವಾಗುತ್ತದೆ. ಎಟಿ1 ಒತ್ತಿದರೆ ಹೊರಹೋಗುವ ನಾಳ ಬಿಗಿಯುತ್ತದೆ. ಬರುವುದು ಜಾಸ್ತಿ, ಹೋಗಲು ದಾರಿ ಕಿರಿದು. ನಡುವಿನ ಜಾಲರಿಯಲ್ಲಿ ಒತ್ತಡ ಏರಿ ರಕ್ತದ ಪ್ರೋಟೀನ್ ಮೂತ್ರಕ್ಕೆ ಸೋರಲು ಶುರುವಾಗುತ್ತದೆ. ತೋಳಿನಲ್ಲಿ ಅಳೆದ ಬಿಪಿಯಲ್ಲಿ ಈ ಒಳಗಿನ ಒತ್ತಡ ಕಾಣುವುದಿಲ್ಲ.

ಸಾರ್ಟಾನ್ ಮಾತ್ರೆ ಹೊರಹೋಗುವ ನಾಳವನ್ನು ಸಡಿಲಿಸಿ ಜಾಲರಿಯನ್ನು ಕಾಯುತ್ತದೆ. ಲೊಸಾರ್ಟಾನ್ ಮತ್ತು ಇರ್ಬೆಸಾರ್ಟಾನ್ ಶುಗರ್ ಇರುವವರ ಕಿಡ್ನಿ ಹಾಳಾಗುವುದನ್ನು ನಿಧಾನಿಸುತ್ತವೆ ಅಂತ 2001ರಲ್ಲೇ ಅಧ್ಯಯನಗಳು ತೋರಿಸಿದವು. ಆದ್ದರಿಂದ ಬಿಪಿ ನಾರ್ಮಲ್ ಬಂದರೂ ಮಾತ್ರೆ ಬಿಡಬೇಡಿ ಅನ್ನುತ್ತಾರೆ. ನಾರ್ಮಲ್ ಬಂದಿರುವುದೂ ಮಾತ್ರೆಯಿಂದಲೇ ಅಲ್ವಾ?

ಸೋರಿಕೆ ಗೊತ್ತಾಗುವುದು ಮೂತ್ರದ ಟೆಸ್ಟಿನಲ್ಲಿ. ಲ್ಯಾಬಿನಲ್ಲಿ "ಯೂರಿನ್ ಎಸಿಆರ್" ಅಂತ ಕೇಳಿ, ಮೂತ್ರದಲ್ಲಿ ಸೋರಿದ ಅಲ್ಬುಮಿನ್ ಅನ್ನುವ ಪ್ರೋಟೀನನ್ನು ಅಳೆಯುವ ಟೆಸ್ಟ್ ಅದು. ಬೆಳಗಿನ ಮೊದಲ ಮೂತ್ರ ಕೊಟ್ಟರೆ ಒಳ್ಳೆಯದು. 30ಕ್ಕಿಂತ ಕಡಿಮೆ ಬಂದರೆ ನಾರ್ಮಲ್. 30ರಿಂದ 300 ಅಂದರೆ ಸೋರಿಕೆ ಶುರುವಾಗಿದೆ. ಅದಕ್ಕೂ ಮೇಲೆ ಅಂದರೆ ಜೋರಾಗಿದೆ. ಜ್ವರ ಇದ್ದಾಗ, ಮೂತ್ರದ ಸೋಂಕು ಇದ್ದಾಗ, ಹಿಂದಿನ ದಿನ ಮೈಮುರಿಯುವ ಕೆಲಸ ಮಾಡಿದ್ದಾಗ ಅಂಕಿ ಏರಬಹುದು. ಒಂದೇ ರಿಪೋರ್ಟ್ ನೋಡಿ ಗಾಬರಿಯಾಗಬೇಡಿ, ಇನ್ನೊಮ್ಮೆ ಮಾಡಿಸುತ್ತಾರೆ. ಎರಡನೇ ಟೆಸ್ಟ್ ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ಕಸ, ಮತ್ತು ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು.

ಸಾರ್ಟಾನ್ ಅಥವಾ ಪ್ರಿಲ್ ಹೊಸದಾಗಿ ಶುರು ಮಾಡಿದರೆ ಕೆಲವು ವಾರದಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಮತ್ತೆ ನೋಡಿಸಬೇಕು. ಜಾಲರಿಯ ಒತ್ತಡ ಇಳಿದಾಗ ಕ್ರಿಯಾಟಿನಿನ್ ಸ್ವಲ್ಪ ಏರುವುದು ಸಹಜ. ಶೇಕಡಾ 30ರೊಳಗೆ ಏರಿದರೆ ಸಾಮಾನ್ಯವಾಗಿ ಮಾತ್ರೆ ಮುಂದುವರಿಸುತ್ತಾರೆ. "ಈ ಮಾತ್ರೆಯಿಂದಲೇ ಕಿಡ್ನಿ ಹೋಯ್ತು" ಅಂತ ಪಕ್ಕದ ಮನೆಯವರು ಹೇಳಿದ್ದು ಕೇಳಿ ನಿಲ್ಲಿಸುವವರು ತುಂಬಾ ಜನ. ನಿಲ್ಲಿಸುವುದರಿಂದ ಆಗುವ ನಷ್ಟ ದೊಡ್ಡದು.

ಮಗು ಬೇಕು ಅಂತ ಯೋಚಿಸುತ್ತಿರುವ ಹೆಣ್ಣುಮಕ್ಕಳು ಮಾತ್ರ ಮೊದಲೇ ಡಾಕ್ಟರಿಗೆ ಹೇಳಲೇಬೇಕು. ಸಾರ್ಟಾನ್, ಪ್ರಿಲ್ ಎರಡೂ ಬಸಿರಿನಲ್ಲಿ ಮಗುವಿಗೆ ಹಾನಿ ಮಾಡುತ್ತವೆ.

ಹೆಜ್ಜೆ 4: "ಲಾಲ್" ಮಾತ್ರೆ ಇದ್ದರೆ ಲೋ ಶುಗರ್ ಗುರುತು ಕಲಿಯಿರಿ

ಶುಗರ್ 70ಕ್ಕಿಂತ ಇಳಿದರೆ ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ. ಇವೆರಡೂ ಬೀಟಾ ರಿಸೆಪ್ಟರ್ ಮೂಲಕ ಬರುವ ಎಚ್ಚರಿಕೆ. ಬೀಟಾ ತಡೆಯುವ ಮಾತ್ರೆ ತಗೊಳ್ಳುವವರಿಗೆ ಈ ಎಚ್ಚರಿಕೆ ಮಂಕಾಗಬಹುದು. ಬೆವರು ಮಾತ್ರ ಬರುತ್ತದೆ, ಯಾಕೆಂದರೆ ಅದರ ರಿಸೆಪ್ಟರ್ ಬೇರೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಶುಗರ್ ಮಾತ್ರೆ ಜೊತೆಗಿದ್ದರೆ, ಫ್ಯಾನ್ ಕೆಳಗೆ ಕೂತಿದ್ದರೂ ತಣ್ಣನೆಯ ಬೆವರು ಬಂದರೆ ತಕ್ಷಣ ಶುಗರ್ ನೋಡಿ.

ಇಳಿದಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಒಂದು ಎಚ್ಚರಿಕೆ: ಚೀಟಿಯಲ್ಲಿ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಅನ್ನುವ ಶುಗರ್ ಮಾತ್ರೆ ಇದ್ದರೆ ಅಡುಗೆಮನೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಆ ಮಾತ್ರೆಗಳು ಸಕ್ಕರೆ ಒಡೆಯುವುದನ್ನೇ ತಡೆಯುತ್ತವೆ. ಅಂಥವರು ಗ್ಲೂಕೋಸ್ ಪುಡಿಯನ್ನೇ ಇಟ್ಟುಕೊಳ್ಳಬೇಕು. ಮನುಷ್ಯನಿಗೆ ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ.

ಹಾಗಂತ ಲಾಲ್ ಮಾತ್ರೆಯನ್ನು ತಟ್ಟಂತ ನಿಲ್ಲಿಸಬೇಡಿ. ಇದ್ದಕ್ಕಿದ್ದಂತೆ ಬಿಟ್ಟರೆ ಹೃದಯಕ್ಕೆ ಅಪಾಯ.

ಹೆಜ್ಜೆ 5: ಉಪ್ಪು ಮತ್ತು ನೋವಿನ ಮಾತ್ರೆ

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದಷ್ಟೂ ಇಲ್ಲ. ಸಾರಿಗೆ ಹಾಕುವ ಉಪ್ಪು ಕಡಿಮೆ ಮಾಡಿ, ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಇಟ್ಟುಕೊಂಡರೆ ಏನು ಬಂತು? ಉಪ್ಪು ಜಾಸ್ತಿ ತಿಂದರೆ ಸಾರ್ಟಾನ್ ಮಾತ್ರೆಯ ಶಕ್ತಿಯೇ ಕುಗ್ಗುತ್ತದೆ. ಅಂಗಡಿಯಲ್ಲಿ ಸಿಗುವ "ಲೋ ಸೋಡಿಯಂ" ಉಪ್ಪನ್ನು ಕೇಳದೆ ತರಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಸಾರ್ಟಾನ್ ಕೂಡ ಪೊಟ್ಯಾಸಿಯಂ ಏರಿಸುವ ಮಾತ್ರೆ. ಕಿಡ್ನಿ ಸೋತವರಲ್ಲಿ ಎರಡೂ ಸೇರಿದರೆ ಹೃದಯದ ಬಡಿತವೇ ತಪ್ಪಬಹುದು. ಅಂಥವರು ಎಳನೀರನ್ನೂ ಡಾಕ್ಟರನ್ನು ಕೇಳಿಯೇ ಕುಡಿಯಬೇಕು.

ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಗ್ಗೆ ಎಚ್ಚರ. ಜಾಲರಿಗೆ ಒಳಬರುವ ನಾಳವನ್ನು ಅವು ಬಿಗಿಯುತ್ತವೆ. ಸಾರ್ಟಾನ್ ಹೊರಹೋಗುವ ನಾಳವನ್ನು ಸಡಿಲಿಸಿರುತ್ತದೆ. ಮೂತ್ರದ ಮಾತ್ರೆ ನೀರು ಕಡಿಮೆ ಮಾಡಿರುತ್ತದೆ. ಮೂರೂ ಸೇರಿದರೆ ಜಾಲರಿಯಲ್ಲಿ ಒತ್ತಡವೇ ಉಳಿಯದೆ ಕಿಡ್ನಿ ಸೋಸುವುದನ್ನೇ ನಿಲ್ಲಿಸಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದಾ ಅಂತ ಮೊದಲು ಕೇಳಿ.

ಹೆಜ್ಜೆ 6: ವಾಂತಿ ಭೇದಿಯ ದಿನಕ್ಕೆ ಮೊದಲೇ ಪ್ಲಾನ್

ವಾಂತಿ, ಭೇದಿ ಆಗಿ ನೀರು ಕಳೆದುಕೊಂಡ ದಿನ ಇದೇ ಕಾರಣಕ್ಕೆ ಕಿಡ್ನಿಗೆ ಅಪಾಯ ಜಾಸ್ತಿ. ಸಾರ್ಟಾನ್, ಪ್ರಿಲ್, ಮೂತ್ರದ ಮಾತ್ರೆ, ಮೆಟ್‌ಫಾರ್ಮಿನ್, ಮತ್ತು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆಗಳನ್ನು ಅಂಥ ದಿನ ನಿಲ್ಲಿಸಿ ಅಂತ ಎಷ್ಟೋ ಡಾಕ್ಟರು ಹೇಳುತ್ತಾರೆ. ಇನ್ಸುಲಿನ್ ಮಾತ್ರ ಪೂರ್ತಿ ನಿಲ್ಲಿಸುವಂತಿಲ್ಲ, ಡೋಸ್ ಎಷ್ಟು ಅಂತ ಕೇಳಬೇಕು. ಇದನ್ನು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಕೇಳುವ ಬದಲು ಮುಂದಿನ ಭೇಟಿಯಲ್ಲೇ ಕೇಳಿ ಚೀಟಿಯ ಹಿಂದೆ ಬರೆಸಿಕೊಳ್ಳಿ: ಯಾವುದು ನಿಲ್ಲಿಸಬೇಕು, ಯಾವುದು ಬಿಡಬಾರದು, ಊಟ ಶುರುವಾದ ಎಷ್ಟು ಹೊತ್ತಿಗೆ ಮತ್ತೆ ಶುರು ಮಾಡಬೇಕು.

ಇಷ್ಟೆಲ್ಲ ಮಾಡಿದರೆ ಎಷ್ಟು ಲಾಭ ಅಂತ ಕೇಳುವವರಿಗೆ ಬ್ರಿಟನ್ನಿನ ಒಂದು ಲೆಕ್ಕ ಇದೆ. ಯುಕೆಪಿಡಿಎಸ್ ಅನ್ನುವ ಅಧ್ಯಯನ ಶುಗರ್, ಬಿಪಿ ಎರಡೂ ಇದ್ದವರನ್ನು ವರ್ಷಗಟ್ಟಲೆ ನೋಡಿತು. 1998ರಲ್ಲಿ ಫಲ ಬಂತು. ಒಂದು ಗುಂಪಿನ ಬಿಪಿ ಸರಾಸರಿ 154/87, ಇನ್ನೊಂದರದ್ದು 144/82. ಇಷ್ಟೇ ವ್ಯತ್ಯಾಸಕ್ಕೆ ಸ್ಟ್ರೋಕ್ ಶೇಕಡಾ 44, ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಸಾವು ಶೇಕಡಾ 32 ಕಡಿಮೆಯಾಗಿತ್ತು.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ್ದು

ಎದೆ ಹಿಡಿದಂತಾದರೆ, ಉಸಿರಾಡಲು ಕಷ್ಟವಾದರೆ. ಶುಗರ್ ಇರುವವರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ಬೆವರು, ವಾಂತಿಯಾಗಿಯೂ ಹಾರ್ಟ್ ಅಟ್ಯಾಕ್ ಬರುತ್ತದೆ. ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ. ಒಂದು ಕಣ್ಣು ದಿಢೀರನೆ ಮಂಜಾದರೆ. ಬಿಪಿ 180/120 ದಾಟಿ ಜೊತೆಗೆ ತಲೆನೋವು, ಗೊಂದಲ ಇದ್ದರೆ. ಸಾರ್ಟಾನ್ ಅಥವಾ ಪ್ರಿಲ್ ತಗೊಂಡ ಮೇಲೆ ತುಟಿ, ನಾಲಿಗೆ, ಮುಖ ಊದಿಕೊಂಡರೆ. 108ಕ್ಕೆ ಫೋನ್ ಮಾಡಿ, ಮಾತ್ರೆ ಹೆಸರು ಬರೆದ ಹಾಳೆಯನ್ನು ಜೊತೆಗೆ ಒಯ್ಯಿರಿ.